ಇಲ್ಲದ ಹಲ್ಲಿಗೆ ರೂಟ್ ಕೆನಾಲ್

ಟ್ಯಾಬ್ಲೆಟ್ಟನ್ನು ವೈರ್‌ಲೆಸ್ ಚಾರ್ಜರ್ ಮೇಲಿಟ್ಟರೂ ಚಾರ್ಜ್ ಆಗುತ್ತಿಲ್ಲವೇ? ಗಾಬರಿ ಬೇಡ. ಮೊದಲು ಕವರ್ ತೆಗೆಯಿರಿ. ಆಮೇಲೆ ಟ್ಯಾಬ್ಲೆಟ್ಟನ್ನು ಪ್ಯಾಡಿನ ನಟ್ಟನಡುವೆ ಬರುವಂತೆ ಸರಿಸಿ. ಆಗಲಿಲ್ಲವೇ, ತುಸು ಎಡಕ್ಕೆ. ಇಲ್ಲವೇ, ಅರ್ಧ ಬೆರಳು ಬಲಕ್ಕೆ. ಮೆತ್ತನೆಯ ಒಣಬಟ್ಟೆಯಿಂದ ಬೆನ್ನು ಒರೆಸಿ. ಆಫ್ ಮಾಡಿ, ಆನ್ ಮಾಡಿ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಅಡಾಪ್ಟರ್ ಬದಲಿಸಿ ನೋಡಿ. ಕೊನೆಯ ಅಸ್ತ್ರವಾಗಿ ಫ್ಯಾಕ್ಟರಿ ರೀಸೆಟ್ ಮಾಡಿ, ಮಕ್ಕಳ ಫೋಟೊಗಳೆಲ್ಲ ಅಳಿಸಿಹೋಗಲಿ. ಇಷ್ಟಾದ ಮೇಲೂ ಬ್ಯಾಟರಿ ಚಿಹ್ನೆ ಕದಲದಿದ್ದರೆ ಹತ್ತಿರದ ಸರ್ವಿಸ್ ಸೆಂಟರನ್ನು ಸಂಪರ್ಕಿಸಿ.

ಇಂಥ ಸಲಹೆಗಳಲ್ಲಿ ಎಲ್ಲ ಇರುತ್ತದೆ, ಒಂದು ಸಾಲು ಬಿಟ್ಟು: ‘ನಿಮ್ಮ ಟ್ಯಾಬ್ಲೆಟ್ಟಿನಲ್ಲಿ ಆ ಸೌಲಭ್ಯವೇ ಇಲ್ಲ.’ ಆ ಸಾಲನ್ನು ಮೊದಲೇ ಬರೆದುಬಿಟ್ಟರೆ ಉಳಿದದ್ದನ್ನು ಬರೆಯುವ ಹಾಗಿಲ್ಲ. ಪ್ಯಾಡು, ಅಡಾಪ್ಟರು, ಸ್ಟಿಕ್ಕರು ಯಾವುದನ್ನೂ ಮಾರುವ ಹಾಗಿಲ್ಲ. ಹಾಗಾಗಿ ಇಲ್ಲದ ಹಲ್ಲಿಗೆ ರೂಟ್ ಕೆನಾಲ್ ನಡೆಯುತ್ತಲೇ ಇದೆ. ರೋಗಿಯೂ ಬಾಯಿ ತೆರೆದುಕೊಂಡೇ ಕೂತಿದ್ದಾನೆ.

2010ರಿಂದ ಈವರೆಗೆ ಬಂದ ಒಂದೇ ಒಂದು ಐಪ್ಯಾಡಿಗೂ ವೈರ್‌ಲೆಸ್ ಚಾರ್ಜಿಂಗ್ ಇಲ್ಲ. ಸ್ಯಾಮ್‌ಸಂಗ್‌ನ ದುಬಾರಿ ಗ್ಯಾಲಕ್ಸಿ ಟ್ಯಾಬ್ ಎಸ್ ಸಾಲಿಗೂ ಇಲ್ಲ. ‘ಅಂಗೈಯಗಲದ ಫೋನಿಗೆ ಆಗುತ್ತೆ, ಅದರ ಅಪ್ಪನಂಥ ಟ್ಯಾಬಿಗೆ ಯಾಕಾಗಲ್ಲ?’ ಎಂದು ಗಿರಾಕಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಉತ್ತರ ನಮ್ಮ ಹೈಸ್ಕೂಲು ವಿಜ್ಞಾನದ ಪುಸ್ತಕದಲ್ಲೇ ಇತ್ತು, ಪರೀಕ್ಷೆ ಮುಗಿದ ದಿನ ಮರೆತೆವು. ಪ್ಯಾಡಿನೊಳಗೆ ತಾಮ್ರದ ಸುರುಳಿಯೊಂದು, ಸಾಧನದ ಬೆನ್ನೊಳಗೆ ಇನ್ನೊಂದು. ಕೆಳಗಿನ ಸುರುಳಿಯಲ್ಲಿ ಕರೆಂಟು ದಿಕ್ಕು ಬದಲಿಸುತ್ತ ಹರಿದರೆ ಮೇಲಿನದರಲ್ಲೂ ಕರೆಂಟು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ ಇದನ್ನು ತೋರಿಸಿದ್ದು 1831ರಲ್ಲಿ. ಷರತ್ತು ಎರಡೇ: ಸುರುಳಿಗಳ ನಡುವೆ ಕೆಲವೇ ಮಿಲಿಮೀಟರ್ ಅಂತರವಿರಬೇಕು, ಮತ್ತು ಲೋಹದ ತಗಡು ಅಡ್ಡ ಬರಬಾರದು. ಬಂದರೆ ಬ್ಯಾಟರಿಗೆ ಸೇರಬೇಕಾದ ಶಕ್ತಿ ತಗಡಿನಲ್ಲೇ ಸುಳಿ ಸುತ್ತಿ ಅದನ್ನು ಬಿಸಿ ಮಾಡುತ್ತದೆ. 2017ರಲ್ಲಿ ಐಫೋನಿಗೆ ಈ ಸೌಲಭ್ಯ ಕೊಡಬೇಕಾದಾಗ ಅದರ ಅಲ್ಯೂಮಿನಿಯಂ ಬೆನ್ನು ಕಿತ್ತು ಗಾಜು ಹಾಕಿದ್ದು ಇದಕ್ಕೇ. ಐಪ್ಯಾಡಿನ ಬೆನ್ನು ಇವತ್ತಿಗೂ ಅಲ್ಯೂಮಿನಿಯಮ್ಮೇ. ಅಷ್ಟು ಅಗಲದ ಗಾಜನ್ನು ಮಗು ಕೈಯಲ್ಲಿ ಹಿಡಿದು ಓಡಾಡುವ ದೃಶ್ಯ ನೆನೆದರೆ, ಲೋಹವೇ ಇರಲಿ ಅನ್ನಿಸುವುದೂ ನಿಜ.

ಈ ಇಡೀ ವ್ಯವಹಾರದಲ್ಲಿ ಪ್ರಾಮಾಣಿಕವಾಗಿ ನಡೆದುಕೊಳ್ಳುವುದು ಆ ಪ್ಯಾಡು ಒಂದೇ. ಮೇಲೆ ಏನಾದರೂ ಇಟ್ಟಾಗ ಅದು ಕರೆಂಟು ಸುರಿಯಲು ಶುರುಮಾಡುವುದಿಲ್ಲ. ಮೊದಲು ಸಣ್ಣದೊಂದು ಸಂಕೇತ ಕಳಿಸಿ ‘ಒಳಗೆ ಯಾರಿದ್ದೀರಿ?’ ಎಂದು ವಿಚಾರಿಸುತ್ತದೆ. ಒಳಗಿನ ಸುರುಳಿ ಉತ್ತರ ಕೊಟ್ಟರೆ ಮಾತ್ರ ಮುಂದಿನ ಮಾತು. ನಾಣ್ಯವೋ ಬೀಗದ ಕೈಯೋ ಅಡ್ಡ ಸಿಕ್ಕಿದ್ದು ಗೊತ್ತಾದರೆ ದೀಪ ಮಿಣುಕಿಸಿ ಸುಮ್ಮನಾಗುತ್ತದೆ. ಐಪ್ಯಾಡಿನಿಂದ ಉತ್ತರವೇ ಬರುವುದಿಲ್ಲವಾದ್ದರಿಂದ ಪ್ಯಾಡು ಒಂದೆರಡು ಸೆಕೆಂಡಿನಲ್ಲೇ ತೀರ್ಪು ಕೊಟ್ಟುಬಿಡುತ್ತದೆ: ಆಗೋದಿಲ್ಲ. ಅದೇ ತೀರ್ಪು ಕಸ್ಟಮರ್ ಕೇರಿನ ಬಾಯಿಂದ ಬರಬೇಕಾದರೆ ಅರ್ಧ ದಿನ ಬೇಕು. ‘ನಿಮ್ಮ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಸರ್, ಪ್ಯಾಡನ್ನು ಬೇರೆ ಪ್ಲಗ್ಗಿಗೆ ಹಾಕಿ ನೋಡಿದ್ರಾ?’ ಹಾಕಿದೆ. ‘ಕೇಬಲ್ ಒರಿಜಿನಲ್ಲಾ?’ ಹೌದು. ‘ಟ್ಯಾಬ್ಲೆಟ್ಟಿನ ಕವರಿನಲ್ಲಿ ಅಯಸ್ಕಾಂತ ಇದೆಯಾ?’ ಇದೆ. ‘ಹಾಂ, ಅದೇ ಸರ್ ಸಮಸ್ಯೆ.’ ಕವರ್ ತೆಗೆದ ಮೇಲೆ ಸಮಸ್ಯೆ ಹೊಸದೊಂದು ಟಿಕೆಟ್ ನಂಬರಾಗಿ ಮುಂದುವರಿಯುತ್ತದೆ. ಕೊನೆಗೆ ‘ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡ್ತೀರಾ?’ ಎಂಬ ಮೆಸೇಜು. ಅದಕ್ಕೆ ಉತ್ತರಿಸುವಷ್ಟರಲ್ಲಿ ಟ್ಯಾಬ್ಲೆಟ್ಟಿನ ಚಾರ್ಜ್ ಮುಗಿದಿರುತ್ತದೆ.

ತಮಾಷೆಯೆಂದರೆ ಇದೇ ಟ್ಯಾಬ್ಲೆಟ್ಟು ಇತರರಿಗೆ ತಂತಿಯಿಲ್ಲದೆ ಕರೆಂಟು ಹಂಚುತ್ತದೆ. 2018ರ ಐಪ್ಯಾಡ್ ಪ್ರೊ ಜೊತೆ ಬಂದ ಎರಡನೇ ತಲೆಮಾರಿನ ಆಪಲ್ ಪೆನ್ಸಿಲ್ ಅದರ ಅಂಚಿಗೆ ಅಂಟಿಕೊಂಡು ತನ್ನಷ್ಟಕ್ಕೆ ಚಾರ್ಜ್ ಆಗುತ್ತದೆ. ಮರುವರ್ಷ ಬಂದ ಗ್ಯಾಲಕ್ಸಿ ಟ್ಯಾಬ್ ಎಸ್6 ಕೂಡ ತನ್ನ ಪೆನ್ನನ್ನು ಬೆನ್ನಿಗೆ ಹಾಕಿಕೊಂಡು ಸಾಕುತ್ತದೆ. ಸೀಸದ ಕಡ್ಡಿಯ ಗಾತ್ರದ ಪೆನ್ನಿಗೆ ಈ ರಾಜೋಪಚಾರ. ಲಕ್ಷದ ಹತ್ತಿರದ ಸಾಧನ ಮಾತ್ರ ಗೋಡೆಗೆ ಕಟ್ಟಿಸಿಕೊಂಡು ನಿಲ್ಲಬೇಕು.

ಹಾಗಂತ ಯಾರೂ ಪ್ರಯತ್ನಿಸಲಿಲ್ಲ ಅನ್ನುವಂತಿಲ್ಲ. 2011ರ ಜುಲೈನಲ್ಲಿ ಎಚ್‌ಪಿಯ ಟಚ್‌ಪ್ಯಾಡ್ ಬಂತು. ಟಚ್‌ಸ್ಟೋನ್ ಎಂಬ ಪೀಠದ ಮೇಲಿಟ್ಟರೆ ತಂತಿಯಿಲ್ಲದೆ ಚಾರ್ಜ್ ಆಗುತ್ತಿತ್ತು. ಆಗಸ್ಟ್ ಮುಗಿಯುವ ಮುನ್ನವೇ ಕಂಪನಿ ಟ್ಯಾಬ್ಲೆಟ್ಟಿಗೆ ಎಳ್ಳುನೀರು ಬಿಟ್ಟಿತು. 2013ರಲ್ಲಿ ಗೂಗಲ್‌ನ ಏಳಿಂಚಿನ ನೆಕ್ಸಸ್ 7 ಬಂತು. ಕ್ಯೂಐ ಎಂದು ಬರೆದು ಚೀ ಎಂದು ಓದುವ ಮಾನದಂಡವನ್ನು ಬೆನ್ನಲ್ಲೇ ಇಟ್ಟುಕೊಂಡಿತ್ತು, ಮಾಮೂಲಿ ಫೋನ್ ಪ್ಯಾಡಿನ ಮೇಲೇ ನಡೆಯುತ್ತಿತ್ತು. ಮರುವರ್ಷದ ನೆಕ್ಸಸ್ 9ರಲ್ಲಿ ಆ ಸೌಲಭ್ಯ ಮಾಯ. ಹುವಾವೆ 2019ರ ಮೇಟ್‌ಪ್ಯಾಡ್ ಪ್ರೊದಲ್ಲಿ ಮತ್ತೆ ಕೊಟ್ಟಿತು. 2023ರ ಪಿಕ್ಸೆಲ್ ಟ್ಯಾಬ್ಲೆಟ್ ನೋಡಿ ‘ಅಂತೂ ಬಂತು’ ಎಂದು ಕುಣಿದವರೂ ಇದ್ದಾರೆ. ಅದು ಸ್ಪೀಕರ್ ಡಾಕಿಗೆ ಅಯಸ್ಕಾಂತದಿಂದ ಕಚ್ಚಿಕೊಳ್ಳುತ್ತದೆ, ಚಾರ್ಜೂ ಆಗುತ್ತದೆ. ಆದರೆ ಅದರ ಬೆನ್ನು ತಿರುಗಿಸಿ ನೋಡಿದರೆ ನಾಲ್ಕು ಲೋಹದ ಚುಕ್ಕಿ ಕಾಣುತ್ತವೆ. ಕರೆಂಟು ಹರಿಯುವುದು ಅವುಗಳ ಮೂಲಕ. ಅದನ್ನು ಒಯ್ದು ಫೋನಿನ ಪ್ಯಾಡಿನ ಮೇಲಿಟ್ಟು ‘ಚಾರ್ಜರ್ ಕೆಟ್ಟಿದೆ’ ಎಂದು ವಾಪಸು ಕೊಡಲು ಹೋಗುವವರ ಬಗ್ಗೆ ನನಗೆ ಸಹಾನುಭೂತಿಯಿದೆ.

2017ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿ ಏರ್‌ಪವರ್ ಎಂಬ ಚಾರ್ಜಿಂಗ್ ಚಾಪೆಯನ್ನು ಘೋಷಿಸಿ, 2019ರ ಮಾರ್ಚಿನಲ್ಲಿ ‘ನಮ್ಮ ಗುಣಮಟ್ಟಕ್ಕೆ ಬರಲಿಲ್ಲ’ ಎಂದು ಮಡಚಿಟ್ಟಿತು. ಫೋನು, ವಾಚು, ಕಿವಿಗಿಡುವ ಗುಂಡಿಗಳಿಗೆ ಅದರಲ್ಲಿ ಜಾಗವಿತ್ತು. ಹುಟ್ಟದೆ ಹೋದ ಆ ಚಾಪೆಯಲ್ಲೂ ಐಪ್ಯಾಡಿಗೆ ಜಾಗವಿರಲಿಲ್ಲ.

ಇನ್ನು ಮಾರುಕಟ್ಟೆಯ ಮಹಾಪ್ರಸಾದ: ರಿಸೀವರ್ ಸ್ಟಿಕ್ಕರ್. ತೆಳುವಾದ ಕಪ್ಪು ಹಾಳೆ, ಒಳಗೆ ತಾಮ್ರದ ಸುರುಳಿ, ಅಂಚಿನಿಂದ ನಾಲಗೆಯ ಹಾಗೆ ಹೊರಟ ಚಪ್ಪಟೆ ಪಟ್ಟಿ, ಪಟ್ಟಿಯ ತುದಿಗೆ ಟೈಪ್-ಸಿ ಪಿನ್ನು. ಹಾಳೆಯನ್ನು ಟ್ಯಾಬ್ಲೆಟ್ಟಿನ ಬೆನ್ನಿಗೆ ಅಂಟಿಸಿ, ಪಟ್ಟಿಯನ್ನು ಅಂಚಿನಿಂದ ಮಡಚಿ, ಪಿನ್ನನ್ನು ಪೋರ್ಟಿಗೆ ಚುಚ್ಚಿದರೆ ನಿಮ್ಮದು ವೈರ್‌ಲೆಸ್ ಟ್ಯಾಬ್ಲೆಟ್ಟು. ಅಂದರೆ, ರಾತ್ರಿ ಮಾತ್ರ ಚುಚ್ಚುತ್ತಿದ್ದ ವೈರನ್ನು ಈಗ ಹಗಲೂ ಹೊತ್ತು ತಿರುಗಬೇಕು. ಪೋರ್ಟ್ ಶಾಶ್ವತವಾಗಿ ಭರ್ತಿ. ಪೆನ್‌ಡ್ರೈವ್ ಹಾಕಬೇಕಾದರೆ, ಇಯರ್‌ಫೋನ್ ಚುಚ್ಚಬೇಕಾದರೆ ಮೊದಲು ನಾಲಗೆ ಕೀಳಬೇಕು. ಹತ್ತು ಸಲ ಕಿತ್ತರೆ ಮಡಿಕೆಯಲ್ಲಿ ಬಿಳಿ ಗೆರೆ ಮೂಡುತ್ತದೆ. ಆಮೇಲೆ ಅದು ಬರೀ ಸ್ಟಿಕ್ಕರ್.

ಇಂಥ ಹಾಳೆಗಳು ಸಾಮಾನ್ಯವಾಗಿ ಕೊಡುವುದು 5 ವ್ಯಾಟ್. ಲೆಕ್ಕ ಹಾಕೋಣ, ದುಡ್ಡು ಕೊಟ್ಟವರಿಗೆ ಲೆಕ್ಕದ ಹಕ್ಕಿದೆ. ಹತ್ತನೇ ತಲೆಮಾರಿನ ಐಪ್ಯಾಡಿನ ಬ್ಯಾಟರಿ 28.6 ವ್ಯಾಟ್-ಅವರ್. ವೈಫೈನಲ್ಲಿ ಅದು 10 ಗಂಟೆ ನಡೆಯುತ್ತದೆಂದು ಕಂಪನಿಯೇ ಹೇಳುತ್ತದೆ. ಅಂದರೆ ಗಂಟೆಗೆ ಹತ್ತಿರಹತ್ತಿರ 3 ವ್ಯಾಟ್-ಅವರ್ ಖರ್ಚು. 5 ವ್ಯಾಟ್ ಒಳಗೆ ಬರುತ್ತಿರುವಾಗಲೇ ನೀವು ಸೀರಿಯಲ್ ನೋಡುತ್ತಿದ್ದರೆ ಉಳಿಯುವುದು 2. ಆ ಎರಡರಲ್ಲಿ ಬ್ಯಾಟರಿ ತುಂಬಲು 14 ಗಂಟೆ ಬೇಕು. ಇದೂ ನಷ್ಟ, ಬಿಸಿ ಯಾವುದನ್ನೂ ಲೆಕ್ಕಕ್ಕೆ ಹಿಡಿಯದ ಕಾಗದದ ಮೇಲಿನ ಮಾತು. ಆ 14 ಗಂಟೆಯೂ ಟ್ಯಾಬ್ಲೆಟ್ಟು ಮೇಜಿನ ಮೇಲೆ ಅಂಗಾತ ಮಲಗಿರಬೇಕು. ಸೀರಿಯಲ್ ನೋಡಬೇಕಾದ ನೀವು ಅದರ ಮೇಲೆ ಬಗ್ಗಿ ನಿಂತಿರಬೇಕು. ಎತ್ತಿಕೊಂಡಿರೋ, ಚಾರ್ಜ್ ನಿಂತಿತು. ವೈರು ಚುಚ್ಚಿಕೊಂಡಿದ್ದವನು ಮಂಚದ ಮೇಲೆ ಕಾಲು ಚಾಚಿ ಕೊನೆಯ ಎಪಿಸೋಡ್ ಮುಗಿಸಿ ಗೊರಕೆ ಹೊಡೆಯುತ್ತಿರುತ್ತಾನೆ.

ದೊಡ್ಡ ಗಾತ್ರದ ಇನ್ನೊಂದು ಕಷ್ಟವೂ ಇದೆ. ಅಂಗೈಯಗಲದ ಪ್ಯಾಡಿನ ಮೇಲೆ ಹತ್ತಿಂಚಿನ ಟ್ಯಾಬ್ಲೆಟ್ಟಿಟ್ಟರೆ ಪ್ಯಾಡು ಪೂರ್ತಿ ಮುಚ್ಚಿಹೋಗುತ್ತದೆ. ಸುರುಳಿಯ ಮೇಲೆ ಸುರುಳಿ ಕೂತಿತೋ ಇಲ್ಲವೋ, ದೀಪ ಹಸಿರೋ ಕೆಂಪೋ, ಏನೂ ಕಾಣದು. ಫೋನುಗಳಿಗೆ 2023ರಲ್ಲಿ ಚೀ2 ಎಂಬ ಹೊಸ ಮಾನದಂಡ ಬಂದು, ಅಯಸ್ಕಾಂತದ ಬಳೆ ತಾನೇ ಎಳೆದು ಸರಿಯಾದ ಜಾಗಕ್ಕೆ ಕೂರಿಸುತ್ತದೆ. ಟ್ಯಾಬ್ಲೆಟ್ಟಿನ ಒಡೆಯ ಇನ್ನೂ ಕತ್ತಲಲ್ಲಿ ಹೊಸ್ತಿಲು ಹುಡುಕುತ್ತಿದ್ದಾನೆ.

ಪ್ರತಿ ಹೊಸ ಐಪ್ಯಾಡಿನ ಮುನ್ನ ‘ಈ ಸಲ ಗಾಜಿನ ಬೆನ್ನು, ಈ ಸಲ ವೈರ್‌ಲೆಸ್’ ಎಂಬ ಗಾಳಿಸುದ್ದಿ ಹಬ್ಬುತ್ತದೆ. 2024ರಲ್ಲಿ ಬಂದ 13 ಇಂಚಿನ ಐಪ್ಯಾಡ್ ಪ್ರೊ ಎಷ್ಟು ದಪ್ಪ ಗೊತ್ತೇ? 5.1 ಮಿಲಿಮೀಟರ್. ಸುರುಳಿ ಬೇಕೆಂದು ಕೇಳಿದವರಿಗೆ ಕಂಪನಿ ಸೊಂಟ ಇಳಿಸಿ ತೋರಿಸಿತು.

ಆದ್ದರಿಂದ ಮಾನ್ಯ ಓದುಗರೇ, ‘ಮೊಬೈಲ್, ಟ್ಯಾಬ್, ವಾಚ್ ಎಲ್ಲಕ್ಕೂ ಆಗುತ್ತದೆ’ ಎಂದು ಡಬ್ಬಿಯ ಮೇಲೆ ಅಚ್ಚಾಗಿದ್ದರೂ ಜೇಬಿಗೆ ಕೈ ಹಾಕುವ ಮೊದಲು ನಿಮ್ಮ ಟ್ಯಾಬ್ಲೆಟ್ಟಿನ ಸ್ಪೆಸಿಫಿಕೇಶನ್ ಪುಟ ಓದಿ. ವೈರ್‌ಲೆಸ್ ಚಾರ್ಜಿಂಗ್ ಎಂದು ಅಲ್ಲಿ ಬರೆದಿಲ್ಲವೆಂದರೆ ಇಲ್ಲವೆಂದೇ ಅರ್ಥ. ಒರೆಸಿದರೂ ಇಲ್ಲ, ರೀಸೆಟ್ ಮಾಡಿದರೂ ಇಲ್ಲ. ಹತ್ತನೇ ತಲೆಮಾರಿನ ಐಪ್ಯಾಡಿನ ಡಬ್ಬಿಯಲ್ಲಿ 20 ವ್ಯಾಟಿನ ಅಡಾಪ್ಟರ್ ಮತ್ತು ಕೇಬಲ್ ಇದ್ದವು. ಕೇಬಲ್ ಒಂದು ಮೀಟರ್ ಉದ್ದ. ಮಂಚಕ್ಕೆ ಎಟುಕದಿದ್ದರೆ ಎರಡು ಮೀಟರಿನದೂ ಸಿಗುತ್ತದೆ.