ವಾಟ ಸರಿಯಿಲ್ಲ

ಗೃಹಪ್ರವೇಶದ ದಿನ ಬಂದವರಿಗೆಲ್ಲ ಮನೆ ತೋರಿಸುವ ಪದ್ಧತಿಯುಂಟು. ದೇವರಮನೆ ಬಾಗಿಲಿನ ಗಂಟೆ, ಅಡುಗೆಮನೆಯ ಗ್ರಾನೈಟು, ಮೆಟ್ಟಿಲಿನ ಸ್ಟೀಲು ಕಂಬಿ ಎಲ್ಲ ಆದಮೇಲೆ, ಮಂಡಿನೋವಿನವರನ್ನೂ ಬಿಡದೆ ತಾರಸಿಗೆ ಹತ್ತಿಸಿ ಸಿಂಟೆಕ್ಸ್ ಟ್ಯಾಂಕು ತೋರಿಸುವ ಉತ್ಸಾಹಿಗಳಿದ್ದಾರೆ. ಆದರೆ ‘ಬನ್ನಿ, ನಮ್ಮ ಚೇಂಬರ್ ನೋಡುವಿರಂತೆ’ ಎಂದು ಕರೆದವರನ್ನು ನಾನಿನ್ನೂ ಕಂಡಿಲ್ಲ. ಬರುವ ನೀರಿಗೆ ಸಂಪು, ಮೋಟಾರು, ಮೀಟರು, ಫಿಲ್ಟರು ಅಂತ ರಾಜೋಪಚಾರ. ಹೋಗುವ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿನೋಡಿ, ಮನೆಯ ಯಜಮಾನ ಬೀದಿಯ ಕಡೆಗೆ ಸುಮ್ಮನೆ ಕೈ ಬೀಸುತ್ತಾನೆ, ಅಷ್ಟೆ.

ನಾನೂ ಹಾಗೇ ಬೀಸುತ್ತಿದ್ದವನು. ನಮ್ಮದು ಬಸವನಗುಡಿಯ ಹಳೇ ಮನೆ. 1898ರ ಪ್ಲೇಗಿಗೆ ಹೆದರಿ ಪೇಟೆಯ ಜನ ಬಯಲಿಗೆ ಬಂದರಲ್ಲ, ಆ ಕಾಲದಲ್ಲಿ ಬೆಳೆದ ಬಡಾವಣೆ. ಇಲ್ಲಿಯೂ ಮಲ್ಲೇಶ್ವರದಲ್ಲಿಯೂ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಅಂತ ಒಂದು ಓಣಿ ಇರುತ್ತದೆ. ಕಕ್ಕಸು ಹಿತ್ತಲ ತುದಿಯಲ್ಲಿ, ಅದಕ್ಕೊಂದು ಪುಟ್ಟ ಬಾಗಿಲು ಓಣಿಯ ಕಡೆಗೆ. ಮುಂದೆ ಯುಜಿಡಿ, ಅಂದರೆ ಒಳಚರಂಡಿ, ಬಂತು. ಬಂದದ್ದು ಮನೆಯ ಮುಂದಿನ ಬೀದಿಗೆ. ಹಾಗಾಗಿ ಹಿತ್ತಲಲ್ಲಿ ಹುಟ್ಟುವ ನೀರೆಲ್ಲ ಪಕ್ಕದ ಸಂದಿಯಲ್ಲಿ 60 ಅಡಿ ನಡೆದು, ತುಳಸಿಕಟ್ಟೆಯ ಹತ್ತಿರ ಒಂದು ತಿರುವು ತೆಗೆದುಕೊಂಡು, ಗೇಟಿನ ಕೆಳಗೆ ನುಸುಳಿ ಬೀದಿ ಸೇರಬೇಕು. ಹಿತ್ತಲೋ, ಬೀದಿಗಿಂತ ತಗ್ಗು. ತಗ್ಗಿನಿಂದ ದಿಬ್ಬದ ಕಡೆಗೆ ನೀರು ಹರಿಸಿದ ಆ ಮೇಸ್ತ್ರಿ ಯಾರೋ ಪುಣ್ಯಾತ್ಮ. ನಕ್ಷೆ ಬರೆದಿಡಲಿಲ್ಲ, ಕೇಳೋಣವೆಂದರೆ ಅವರೂ ಇಲ್ಲ, ಕೆಲಸ ಕೊಟ್ಟ ತಾತನೂ ಇಲ್ಲ.

ಕಟ್ಟಿಕೊಂಡ ಲೈನು ಒಂದೇ ಸಲಕ್ಕೆ ಉಕ್ಕುವುದಿಲ್ಲ. ಮೊದಲು ಗೊಣಗುತ್ತದೆ. ಮೇಲಿನ ಬಾಡಿಗೆಯವರ ವಾಷಿಂಗ್ ಮಷಿನ್ ನೀರು ಬಿಟ್ಟಿತೆಂದರೆ ಕೆಳಗೆ ನಮ್ಮ ಬಚ್ಚಲಿನ ನಹನಿ ಟ್ರ್ಯಾಪು ಗುಳುಗುಳು ಅನ್ನಲು ಶುರುಮಾಡಿತು. ಟ್ರ್ಯಾಪಿನ ಬಾಗಿನಲ್ಲಿ ಎರಡಿಂಚು ನೀರು ಸದಾ ನಿಂತಿರುತ್ತದೆ, ಒಳಗಿನ ನಾತ ಮನೆಗೆ ಬಾರದಂತೆ ಕಾವಲಿಗೆ. ಈ ಬಾಗಿದ ಕೊಳವೆಗೆ 1775ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಕಮಿಂಗ್ ಎಂಬಾತ ಕಸುಬಿನಿಂದ ಗಡಿಯಾರ ಮಾಡುವವನು. ಅಷ್ಟು ಸೂಕ್ಷ್ಮ ಕೆಲಸದವನಿಗೆ ಇದು ಹೇಗೆ ಹೊಳೆಯಿತೋ! ಲೈನು ಎಲ್ಲೋ ಮುಚ್ಚಿಕೊಂಡರೆ ಮೇಲಿಂದ ಬಂದ ನೀರು ಒಳಗಿನ ಗಾಳಿಯನ್ನು ತಳ್ಳುತ್ತದೆ, ಗಾಳಿ ಆ ಎರಡಿಂಚು ನೀರನ್ನು ಸೀಳಿಕೊಂಡು ಮನೆಯೊಳಗೆ ಬರುತ್ತದೆ. ಗುಳುಗುಳು ಅಂದರೆ ಅದೇ. ಇದೆಲ್ಲ ಆಮೇಲೆ ತಿಳಿದದ್ದು. ಆಗ ನಾವು ಮಾಡಿದ್ದು ಬಚ್ಚಲ ಬಾಗಿಲು ಮುಚ್ಚಿದ್ದು.

ಸುದ್ದಿ ಬೀದಿಗೆ ಮುಟ್ಟಲು ತಡವಾಗಲಿಲ್ಲ. ನೀರು ಹರಿಯಿತೋ ಇಲ್ಲವೋ, ಸಲಹೆ ಧಾರಾಳವಾಗಿ ಹರಿಯಿತು. ಎದುರುಮನೆ ರಾಯರು ‘ಆ್ಯಸಿಡ್ ಹಾಕಿ’ ಅಂದರು. ನಾದಿನಿ ವಾಟ್ಸ್‌ಆ್ಯಪಿನಲ್ಲಿ ಅಡುಗೆ ಸೋಡಾ ಮತ್ತು ವಿನೆಗರ್ ಕಳಿಸಿದಳು. ಅಂದರೆ ಅದರ ವಿಡಿಯೋ. ಹಾಕಿದೆವು. ನೊರೆ ಬಂತು, ಅದನ್ನು ನೋಡಿ ನಮಗೆ ಖುಷಿಯಾಯಿತು, ಪೈಪಿಗೆ ಏನೂ ಆಗಲಿಲ್ಲ. ಇನ್ನೊಬ್ಬರು ಬಿದಿರು ದಬ್ಬೆ ತಂದುಕೊಟ್ಟರು. ದಬ್ಬೆ ಸಲೀಸಾಗಿ ಒಳಗೆ ಹೋಯಿತು. ಎಳೆದಾಗ ಅರ್ಧ ಮಾತ್ರ ಬಂತು.

ಕೊನೆಗೆ ಬಂದವನು ಬೈರಮಂಗಲದ ಕಡೆಯ ಪ್ಲಂಬರ್ ಹುಡುಗ. ಬಂದವನೇ ಬಚ್ಚಲಿಗೆ ಹೋಗಲಿಲ್ಲ. ‘ಚೇಂಬರ್ ಎಲ್ಲೆಲ್ಲಿವೆ ಸಾರ್?’ ಎಂದ. ನಾನು ಕೈ ಬೀಸಿದೆ. ಅವನು ಹಾರೆಯಿಂದ ನೆಲ ಕುಟ್ಟುತ್ತ ಹೋಗಿ, ಸದ್ದು ಬೇರೆಯಾದಲ್ಲಿ ನಿಂತು, ಅಮ್ಮನ ಮಲ್ಲಿಗೆ ಕುಂಡಗಳನ್ನು ಸರಿಸಿ ನಾಲ್ಕು ಮುಚ್ಚಳ ಪತ್ತೆಮಾಡಿದ. ರೋಗ ಹಿಡಿಯುವ ಅವನ ಶಾಸ್ತ್ರ ಸರಳ. ಒಂದೇ ಬಚ್ಚಲು ಕಟ್ಟಿದರೆ ತಪ್ಪು ಆ ಬಚ್ಚಲಿನ ಟ್ರ್ಯಾಪಿನದು. ಎಲ್ಲ ಕಟ್ಟಿ, ಎಲ್ಲಕ್ಕಿಂತ ತಗ್ಗಿನದು ಮೊದಲು ಉಕ್ಕಿದರೆ ಮೇನ್ ಲೈನಿನದು. ಗೇಟಿನ ಹತ್ತಿರದ ಚೇಂಬರೂ ತುಂಬಿದ್ದರೆ ಬೀದಿಯದು. ತುಂಬಿದ ಚೇಂಬರಿಗೂ ಖಾಲಿ ಚೇಂಬರಿಗೂ ಮಧ್ಯೆ ಎಲ್ಲೋ ಕಳ್ಳ ಕೂತಿರುತ್ತಾನೆ. ನಮ್ಮಲ್ಲಿ ಎರಡನೆಯದು ತುಂಬಿತ್ತು, ಮೂರನೆಯದು ಒಣಗಿತ್ತು.

ರಾಯರು ಗೇಟಿನಾಚೆಯಿಂದಲೇ, ‘ಬೀದಿ ಮ್ಯಾನ್‌ಹೋಲಿಗೆ ಒಬ್ಬ ಹುಡುಗನ್ನ ಇಳಿಸಿಬಿಡ್ರಿ, ಅತ್ತಕಡೆಯಿಂದ ನೋಡಲಿ’ ಎಂದರು. ಹುಡುಗ ತಲೆ ಎತ್ತದೆ, ‘ನಾನು ಇಳಿಯಲ್ಲ, ಯಾರನ್ನೂ ಇಳಿಸಲ್ಲ. ನೀವು ಇಳೀತೀರಾ ಸಾರ್?’ ಎಂದ. ರಾಯರಿಗೆ ಒಳಗೆ ಫೋನು ಬಂತು.

ತಮಾಷೆಯ ಮಾತಲ್ಲ ಅದು. ನಮ್ಮ ಹಿಂದಿನ ಓಣಿಯಲ್ಲಿ ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದವರ ಹೆಸರು ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕು ಅಂತಲೂ ಅನ್ನಿಸಿರಲಿಲ್ಲ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಮಂತ್ರಿ ಬಸವಲಿಂಗಪ್ಪನವರು ಮಲ ಹೊರುವುದನ್ನು ನಿಲ್ಲಿಸಿ ಎಂದರು. ಆದರೂ 2010ರಲ್ಲಿ ಸವಣೂರಿನಲ್ಲಿ ಜನ ತಮ್ಮ ಮೈಗೆ ತಾವೇ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. 1993ರಲ್ಲೊಂದು ಕಾನೂನು, 2013ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು. ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಸುಪ್ರೀಂ ಕೋರ್ಟು 2014ರಲ್ಲಿ 10 ಲಕ್ಷ, 2023ರಲ್ಲಿ 30 ಲಕ್ಷ ರೂಪಾಯಿ ಎಂದಿತು. ಮೊತ್ತ ಏರಿಸಬೇಕಾಗಿ ಬಂತೆಂದರೆ ಸಾವು ನಿಂತಿಲ್ಲ ಅಂತ ತಾನೆ? ಆ ಗುಂಡಿಯ ಗಾಳಿ ಮೊದಲು ಮೂಗನ್ನೇ ಮಂಕುಮಾಡುತ್ತದೆ. ನಾತ ಹೋಯಿತು, ಇನ್ನು ಪರವಾಗಿಲ್ಲ ಅನ್ನಿಸುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಹುಡುಗನ ಮಾತು ಕೇಳಿ ನನಗೆ ಅವನ ಮೇಲೆ ಭಕ್ತಿಯೇ ಬಂತು.

ಮರುದಿನ ಅವನು ಕ್ಯಾಮೆರಾ ತಂದ. ಉದ್ದನೆಯ ಕೇಬಲ್ಲು, ತುದಿಗೆ ಹೆಬ್ಬೆರಳು ಗಾತ್ರದ ಕಣ್ಣು, ಸುತ್ತ ದೀಪ. ಈಚೆಗೆ ಪುಟ್ಟ ಪರದೆ. ಕೇಬಲ್ಲು ಎಷ್ಟು ಮೀಟರು ಒಳಗೆ ಹೋಯಿತೆಂದು ಪರದೆಯ ಮೂಲೆಯಲ್ಲಿ ಅಂಕಿ ಓಡುತ್ತದೆ. ಸೊಸೆಯ ಸ್ಕ್ಯಾನಿಂಗಿಗೆ ಹೋದವರ ಹಾಗೆ ಮನೆಮಂದಿಯೆಲ್ಲ ಪರದೆಗೆ ಮುಖವಿಟ್ಟು ನಿಂತೆವು. ಅಮ್ಮ ಕನ್ನಡಕ ಹಾಕಿಕೊಂಡು ಬಂದು ‘ಏನಂತೆ?’ ಅಂದರು. ಕಂದು ಬಣ್ಣದ ನುಣುಪು ಗೋಡೆ. ಹಳೆಯ ಪಿಂಗಾಣಿ ಮಣ್ಣಿನ ಪೈಪು. ಎರಡಡಿಗೊಂದು ಜಾಯಿಂಟು. ಆರೇಳು ಮೀಟರು ದಾಟಿದ ಮೇಲೆ ಒಂದು ಜಾಯಿಂಟಿನಿಂದ ಬೆಳ್ಳನೆಯ ಎಳೆಗಳು ಇಳಿದಿದ್ದವು. ಇನ್ನೂ ಮುಂದೆ ಅದೇ ಎಳೆಗಳು ದಟ್ಟವಾಗಿ, ಪೈಪಿನ ತುಂಬ ಜಡೆಕಟ್ಟಿಕೊಂಡು, ಕ್ಯಾಮೆರಾಗೂ ದಾರಿ ಇಲ್ಲ. ‘ಬೇರು’ ಎಂದ ಹುಡುಗ. ಎಲ್ಲರೂ ತಲೆ ಎತ್ತಿ ನೋಡಿದೆವು. ಸಂದಿಯ ಕೊನೆಯಲ್ಲಿ ಅತ್ತಿ ಮರ, ಎಲೆ ಎಲೆಯೂ ಮಿರಮಿರ ಹೊಳೆಯುತ್ತ ನಿಂತಿತ್ತು.

ಈ ಅತ್ತಿಯ ಚರಿತ್ರೆ ಹೇಳಲೇಬೇಕು. ಅಮ್ಮ ಪ್ರತಿ ಗುರುವಾರ ಇದಕ್ಕೆ ಅರಿಶಿನ ಕುಂಕುಮ ಇಟ್ಟು ಪ್ರದಕ್ಷಿಣೆ ಹಾಕುತ್ತಾರೆ, ದತ್ತಾತ್ರೇಯನ ಮರ ಎಂದು. ಬೇಸಗೆಯಲ್ಲಿ ಬೀದಿಯ ಮರಗಳೆಲ್ಲ ಬಾಡಿದರೂ ಇದು ಚಿಗುರುತ್ತಿತ್ತು. ‘ಸೇವೆ ಮಾಡಿದರೆ ಹೀಗೆ’ ಎಂದು ನೆಂಟರಿಗೆಲ್ಲ ತೋರಿಸುತ್ತಿದ್ದರು. ಸೇವೆ ನಾವೆಲ್ಲರೂ ಮಾಡುತ್ತಿದ್ದೆವು, ದಿನಾ ಬೆಳಿಗ್ಗೆ, ನಮಗೇ ಗೊತ್ತಿಲ್ಲದೆ. ಹಳೆಯ ಪೈಪಿನ ಜಾಯಿಂಟಿಗೆ ನಾರು ತುರುಕಿ ಸಿಮೆಂಟು ಮೆತ್ತಿರುತ್ತಾರೆ. ಸಿಮೆಂಟು ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು, ಒಳಗಿನ ತೇವಕ್ಕೆ ಬೇರಿನ ತುದಿ ಬರುತ್ತದೆ. ಒಳಗೆ ಹೊಕ್ಕಿತೋ, ನೀರೂ ಗೊಬ್ಬರವೂ ಒಟ್ಟಿಗೇ ಸಿಗುವ ಅನ್ನಛತ್ರ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಯಾವ ಮರವಿದ್ದರೆ ನೆಲದಡಿ ಎಲ್ಲಿ ನೀರು ಸಿಗುತ್ತದೆ ಎಂದು ಹೇಳುವ ಒಂದು ಅಧ್ಯಾಯವೇ ಇದೆ, ಅತ್ತಿ ಮರದ ಲೆಕ್ಕವೂ ಅದರಲ್ಲಿದೆ. ಅದು ಯಾರ ಮನೆಯ ನೀರು ಎಂಬುದನ್ನು ಮಾತ್ರ ಆತ ಬಿಡಿಸಿ ಹೇಳಲಿಲ್ಲ.

ಅಮೆರಿಕದಲ್ಲಿರುವ ಅಕ್ಕನ ಮಗನಿಗೆ ಸುದ್ದಿ ಮುಟ್ಟಿತು. ‘ಮಾವ, ನಿಮ್ಮದು ಮಣ್ಣಿನದಾದರೂ ಪೈಪು. ನಮ್ಮ ಮನೆಯದು ಕಾಗದದ್ದು’ ಎಂದ. ಹಾಸ್ಯ ಮಾಡುತ್ತಿದ್ದಾನೆ ಅಂದುಕೊಂಡರೆ ನಿಜವಂತೆ. ಎರಡನೆಯ ಮಹಾಯುದ್ಧ ಮುಗಿದ ಕಾಲದಲ್ಲಿ ಅಲ್ಲಿ ಮನೆಗಳಿಗೆ ಮರದ ತಿರುಳನ್ನು ಟಾರಿನಲ್ಲಿ ಅದ್ದಿ ಒತ್ತಿದ ಪೈಪು ಹಾಕಿದ್ದರು, ಆರೆಂಜ್‌ಬರ್ಗ್ ಅಂತ ಹೆಸರು. ಅದೀಗ ಚಪ್ಪಟೆಯಾಗುತ್ತಿದೆ. ಅಲ್ಲಿ ಅಂಗಳ ಅಗೆಯದೆ, ಹಳೆಯ ಪೈಪಿನೊಳಗೇ ಹೊಸ ಪೈಪು ಎಳೆದು ಹಳೆಯದನ್ನು ಒಡೆದುಕೊಂಡು ಹೋಗುವ ಯಂತ್ರಗಳಿವೆಯಂತೆ. ಖರ್ಚು ಎಷ್ಟೆಂದು ಕೇಳಿದೆ. ಡಾಲರಿನಲ್ಲಿ ಹೇಳಿದ. ನಾನು ರೂಪಾಯಿಗೆ ತಿರುಗಿಸುವ ಸಾಹಸ ಮಾಡಲಿಲ್ಲ.

ಬೇರು ಕೊಚ್ಚಿಸಿದರೆ ಮತ್ತೆ ಬರುತ್ತದೆ. ಪೈಪೇ ಬದಲಿಸಬೇಕು ಎಂದು ತೀರ್ಮಾನವಾಯಿತು. ಸಂದಿ ಅಗೆದರು. ಈಗ ಮೇಸ್ತ್ರಿಗೂ ಪ್ಲಂಬರಿಗೂ ಶುರುವಾಯಿತು ವಾಟದ ವಾದ. ನಾಲ್ಕಿಂಚು ಪೈಪಿಗೆ 40 ಅಡಿಗೆ ಒಂದಡಿ ಇಳಿಜಾರು ಬೇಕು, ಆರಿಂಚಿಗೆ 60 ಅಡಿಗೆ ಒಂದಡಿ ಸಾಕು. ನಮಗೆ ಇದ್ದದ್ದೇ ಒಂದಡಿ ಚಿಲ್ಲರೆ. ನಾಲ್ಕಿಂಚಿನದಕ್ಕೆ ಒಂದೂವರೆ ಅಡಿ ಎಲ್ಲಿಂದ ತರೋಣ? ತಾತನ ಕಾಲದವರು ತರದೆಯೇ ಮುಗಿಸಿದ್ದರು. ‘ಜಾಸ್ತಿ ವಾಟ ಕೊಟ್ಟುಬಿಡ್ರಪ್ಪ, ನೀರು ಜೋರಾಗಿ ಹೋಗತ್ತೆ’ ಎಂದು ರಾಯರು ಮತ್ತೆ ಹಾಜರು. ಹುಡುಗ ಅಂದ: ‘ನೀರು ಜೋರಾಗೇ ಹೋಗತ್ತೆ ಸಾರ್. ಜೊತೇಲಿ ಬಂದೋರು ಹಿಂದೇನೇ ಉಳ್ಕೋತಾರೆ.’ ಮೇಸ್ತ್ರಿ ಕಣ್ಣಳತೆಯಲ್ಲೇ ಹಾಕುತ್ತೇನೆಂದು ಪಟ್ಟು ಹಿಡಿದರು. ಹುಡುಗ ನೀರು ತುಂಬಿದ ಲೆವೆಲ್ ಟ್ಯೂಬು ಹಿಡಿದ. ಟ್ಯೂಬಿನ ನೀರು ಮೇಸ್ತ್ರಿಯ ಅನುಭವಕ್ಕೆ ಒಂದಿಷ್ಟೂ ಮರ್ಯಾದೆ ಕೊಡಲಿಲ್ಲ.

ಅಗೆತದ ಎರಡನೆಯ ದಿನ ಹಳೆಯ ಗಲ್ಲಿ ಟ್ರ್ಯಾಪು ಒಡೆದು ತಳದ ಹೂಳು ಎತ್ತಿದರು. ನನ್ನ ಗೋಲಿಗಳು, ಹಾರ್ಲಿಕ್ಸ್ ಬಾಟಲಿಯ ಮುಚ್ಚಳ, ಯಾರದೋ ಹಲ್ಲುಜ್ಜುವ ಬ್ರಷ್ಷು. ಅವುಗಳ ನಡುವೆ ಕರ್ರಗಾದ ಒಂದು ಉದ್ಧರಣೆ. ಅಮ್ಮ ಅದನ್ನು ಸೆರಗಿನ ತುದಿಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಬೆಳ್ಳಿಯದು. ಹಿಡಿಯ ತುದಿಗೆ ಹೆಡೆ ಎತ್ತಿದ ಹಾವು, ಹಾವಿನ ಹಣೆಗೆ ಒಂದು ನಜ್ಜು. ಇದು ಕಾಣೆಯಾದಾಗ ನಾನಿನ್ನೂ ಸ್ಲೇಟು ಹಿಡಿದವನು. ಅಂದಿನಿಂದ ಅಮ್ಮ ಇದನ್ನು ತೆಗೆದುಕೊಂಡು ಹೋದವರು ತುಮಕೂರಿನ ದೊಡ್ಡತ್ತೆ ಎಂದೇ ನಂಬಿ, ಮದುವೆ ಮುಂಜಿಗಳಲ್ಲಿ ಅವರೊಂದಿಗೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದರು. ಪೂಜೆಯ ಪಾತ್ರೆ ತೊಳೆಯುವಾಗ ಬಚ್ಚಲಲ್ಲಿ ಜಾರಿದ್ದು, ಮನೆಬಾಗಿಲಲ್ಲೇ ಮಲಗಿತ್ತು. ಎಲ್ಲರೂ ಅಮ್ಮನ ಮುಖ ನೋಡಿದೆವು. ಅಮ್ಮ, ‘ಹಾಗಾದರೆ ಅವಳು ತೊಗೊಂಡು ಹೋಗಿದ್ದು ಪಂಚಪಾತ್ರೆ ಮಾತ್ರ’ ಎಂದರು.

ಈ ಉದ್ಧರಣೆಯನ್ನು ಮತ್ತೆ ದೇವರಮನೆಗೆ ಸೇರಿಸಬಹುದೇ? ಪುರೋಹಿತರಿಗೆ ಫೋನು ಹೋಯಿತು. ಎಲ್ಲಿತ್ತು ಎಂದು ಅವರು ಕೇಳಿದರು. ‘ಮಣ್ಣಿನಲ್ಲಿ’ ಎಂದರು ಅಮ್ಮ, ಸುಳ್ಳಲ್ಲ. ಬೆಂಕಿಗೆ ತೋರಿಸಿ ಹುಣಸೆಹಣ್ಣಿನಲ್ಲಿ ಉಜ್ಜಿದರೆ ಆಯಿತು ಎಂದರಂತೆ. ಈಗಲೂ ಅಮ್ಮ ತೀರ್ಥ ಕೊಡುವುದು ಅದರಲ್ಲೇ. ರಾಯರು ಮಾತ್ರ ನಮ್ಮ ಮನೆಗೆ ಬಂದಾಗ ಈಚೆಗೆ ‘ತೀರ್ಥ ಆಯ್ತು, ಮನೇಲಿ ತೊಗೊಂಡೇ ಬಂದೆ’ ಅನ್ನುತ್ತಾರೆ.

ಪೈಪು ಬಂತು, ಪಿವಿಸಿ, 160 ಎಂಎಂ, ರಬ್ಬರ್ ರಿಂಗಿನ ಜಾಯಿಂಟು, ಕೆಳಗೆ ಮರಳಿನ ಹಾಸು. ತಿರುವಿನಲ್ಲಿ ಚೇಂಬರು. ಬೀದಿಗೆ ಡಾಂಬರಿನ ಮೇಲೆ ಡಾಂಬರು ಹಾಕಿ ಎತ್ತರವಾಗಿರುವುದರಿಂದ, ಬೀದಿಯ ಲೈನು ಕಟ್ಟಿದರೆ ನೀರು ಅಲ್ಲಿಯ ಮ್ಯಾನ್‌ಹೋಲು ಬಿಟ್ಟು ತಗ್ಗಿನ ನಮ್ಮ ಅಂಗಳಕ್ಕೆ ಉಕ್ಕುತ್ತದೆ. ಅದಕ್ಕೊಂದು ನಾನ್ ರಿಟರ್ನ್ ವಾಲ್ವು. ಕೆಲಸ ಮುಗಿದ ಮೇಲೆ ಹುಡುಗ ಒಂದು ಚೇಂಬರಿನಲ್ಲಿ ಟಾರ್ಚು, ಇನ್ನೊಂದರಲ್ಲಿ ಕನ್ನಡಿ ಹಿಡಿದ. ಬೆಳಕು ಪೂರ್ತಿ ದುಂಡಗೆ ಕಂಡರೆ ಪಾಸು, ಅರ್ಧ ಕಂಡರೆ ಫೇಲು. ಮೇಸ್ತ್ರಿಯೂ ಬಗ್ಗಿ ನೋಡಿ, ‘ನಾನು ಹೇಳಿದ ವಾಟಾನೇ ಅಲ್ವಾ’ ಎಂದರು.

ಚಹಾ ಕುಡಿಯುತ್ತ ಹುಡುಗನನ್ನು ಕೇಳಿದೆ, ಇದೆಲ್ಲ ಕೊನೆಗೆ ಎಲ್ಲಿಗಪ್ಪ ಹೋಗುವುದು? ‘ನಮ್ಮೂರಿಗೇ’ ಎಂದ. ಹೌದಲ್ಲ! ದೊಡ್ಡ ಬಸವಣ್ಣನ ಗುಡಿಯ ಹತ್ತಿರ ಹುಟ್ಟಿದ ವೃಷಭಾವತಿ ಈ ಊರಿನ ಬಚ್ಚಲನ್ನೆಲ್ಲ ಹೊತ್ತುಕೊಂಡು ಬೈರಮಂಗಲದ ಕೆರೆಗೆ ಹೋಗಿ, ಅಲ್ಲಿಂದ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರು ಪಂಪು ಮಾಡಿ ಮೇಲೆತ್ತಿ ತಂದ ಕಾವೇರಿಯನ್ನು ನಾವು ಒಂದು ಫ್ಲಷ್ಷಿನಲ್ಲಿ ವಾಪಸು ಕಳಿಸುತ್ತೇವೆ, ನಡುವೆ ಆ ಹುಡುಗನ ಊರಿನವರ ಮೂಗಿನ ಕೆಳಗೆ ಹಾಯಿಸಿ. ‘ಮೊದಲು ಸೋಸಿ ಬಿಡಿ ಅನ್ನಿ ಸಾರ್ ಯಾರಿಗಾದ್ರೂ’ ಎಂದು ಲೋಟ ಕೆಳಗಿಟ್ಟ.

ಲೆಕ್ಕ ಚುಕ್ತಾ ಮಾಡಿ ಅವನು ಗಾಡಿ ಹತ್ತುವಾಗ ಅಮ್ಮ ಹೊರಗೆ ಬಂದರು. ಅಗೆತಕ್ಕೆ ಬೇರು ಕಡಿದದ್ದರಿಂದ ಅತ್ತಿ ಒಂದಷ್ಟು ಎಲೆ ಉದುರಿಸಿತ್ತು.

‘ಅಲ್ಲ ಕಣಪ್ಪ, ಹೊಸ ಪೈಪಿನೊಳಕ್ಕೆ ಬೇರು ಬರೋದೇ ಇಲ್ವಾ?’

‘ಬರಲ್ಲ ಕಣಮ್ಮ, ಗ್ಯಾರಂಟಿ.’

‘ಪಾಪ, ಇಷ್ಟು ವರ್ಷ ಅಭ್ಯಾಸವಾಗಿತ್ತು ಅದಕ್ಕೆ.’ ಅಮ್ಮ ನನಗೆ ಕೇಳದಿರಲೆಂದು ದನಿ ತಗ್ಗಿಸಿದರು. ‘ಒಂದು ಜಾಯಿಂಟು ಚೂರು ಸಡಿಲ ಬಿಡೋಕಾಗಲ್ವೇನೋ?’