ಹಸಿ ಪರಂಗಿ ಕುಟ್ಟುವವರ ಕೈಪಿಡಿ

ಗ್ರಾಹಕರ ಗಮನಕ್ಕೆ: ಕುಟ್ಟಲು ಶುರುಮಾಡುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ತಿಂದ ಮೇಲೆ ಕಣ್ಣಲ್ಲಿ ನೀರು ತುಂಬಿ ಅಕ್ಷರ ಕಾಣುವುದಿಲ್ಲ.

ನೀವು ತಯಾರಿಸಲು ಹೊರಟಿರುವ ತಿನಿಸನ್ನು ಥಾಯ್ಲೆಂಡಿನವರು ‘ಸೋಮ್ ತಮ್’ ಎಂದೂ ಲಾವೋಸಿನವರು ‘ತಮ್ ಮಾಕ್ ಹುಂಗ್’ ಎಂದೂ ಕರೆಯುತ್ತಾರೆ. ಸೋಮ್ ಎಂದರೆ ಹುಳಿ, ತಮ್ ಎಂದರೆ ಕುಟ್ಟುವುದು, ಮಾಕ್ ಹುಂಗ್ ಎಂದರೆ ಪರಂಗಿಕಾಯಿ. ಅರ್ಧ ವಿಧಾನ ಹೆಸರಿನಲ್ಲೇ ಇದೆ. ಇದೂ ಒಂದು ಬಗೆಯ ಕೋಸಂಬರಿಯೇ ಇರಬೇಕೆಂದು ಸಾಸಿವೆ ಡಬ್ಬಿ ಹುಡುಕಲು ಹೋಗಬೇಡಿ. ಇದಕ್ಕೆ ಒಗ್ಗರಣೆ ಇಲ್ಲ. ಚಟಪಟ ಎನ್ನುವುದೆಲ್ಲ ನಾಲಗೆಯ ಮೇಲೆ.

1. ಬಿಡಿಭಾಗಗಳು

ಪರಂಗಿಕಾಯಿ: ಒಂದು. ಹೊರಗೆ ಕಡುಹಸಿರು, ಒಳಗೆ ಬಿಳಿ ಬೀಜ, ಕೈಗೆ ಕಲ್ಲಿನಂತೆ ಗಟ್ಟಿ. ಒಂದು ಎಳೆ ಕೇಸರಿ ಬಣ್ಣ ಕಂಡರೂ ಅದನ್ನು ಹಣ್ಣಾಗಲು ಬಿಟ್ಟು ಬೇರೆ ತನ್ನಿ. ಸಿಪ್ಪೆ ಹೆರೆಯುವಾಗ ಒಸರುವ ಹಾಲಿನಲ್ಲಿ ಪಪೈನ್ ಎಂಬ ಕಿಣ್ವವಿದೆ. ಬಲಿತ ಮಾಂಸವನ್ನೇ ಮೆತ್ತಗೆ ಮಾಡುವ ಆಸಾಮಿ ಅದು, ನಿಮ್ಮ ಅಂಗೈಯನ್ನು ಬಿಡುತ್ತದೆಯೇ? ಕಾಯಿಯನ್ನೂ ಕೈಯನ್ನೂ ಚೆನ್ನಾಗಿ ತೊಳೆಯಿರಿ.

ಒರಳು: ಆಳವಾದ ಮಣ್ಣಿನದು, ಜೊತೆಗೆ ಮರದ ಒನಕೆ. ಕಲ್ಲಿನದು ಥಾಯ್ ಅಡುಗೆಮನೆಯಲ್ಲೂ ಇದೆ, ಆದರೆ ಅದು ಮಸಾಲೆ ಅರೆಯಲು. ಅದರಲ್ಲಿ ಪರಂಗಿ ಕುಟ್ಟಿದರೆ ಸಿಗುವುದು ಚಟ್ನಿ. ಮಿಕ್ಸಿಗೆ ಹಾಕಿದರೆ ವಾರಂಟಿ ಆ ಕ್ಷಣವೇ ರದ್ದು.

ಮೆಣಸಿನಕಾಯಿ: ಥಾಯ್ ಹೆಸರು ‘ಪ್ರಿಕ್ ಖೀ ನೂ’, ಅಂದರೆ ಇಲಿಹಿಕ್ಕೆ ಮೆಣಸು. ಇದರ ದಾಯಾದಿಯನ್ನು ನಮ್ಮ ಮಲೆನಾಡಿನವರು ಜೀರಿಗೆ ಮೆಣಸು, ಸೂಜಿಮೆಣಸು ಎಂದು ಮರ್ಯಾದೆಯಿಂದ ಕರೆದರು. ಥಾಯ್ ಜನ ಅಷ್ಟು ಮುಲಾಜು ಇಟ್ಟುಕೊಳ್ಳಲಿಲ್ಲ.

2. ಹೆಚ್ಚುವ ಕ್ರಮ

ತುರಿಮಣೆ ಒಳಗಿಡಿ. ಕಾಯಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಕತ್ತಿಯಿಂದ ಅದರ ಮೇಲೆ ಉದ್ದುದ್ದಕ್ಕೆ ಕಚಕಚನೆ ಕಚ್ಚು ಹಾಕಿ, ಮೇಲ್ಪದರವನ್ನು ಹೆರೆದರೆ ಎಳೆಗಳು ಉದುರುತ್ತವೆ. ಒಂದು ದಪ್ಪ, ಒಂದು ತೆಳು, ಹೀಗೆ ಏರುಪೇರಾಗಿರಬೇಕು. ಮಾರುವ ಹೆಂಗಸರು ಇದನ್ನು ಹರಟೆ ಹೊಡೆಯುತ್ತ, ಕತ್ತಿಯ ಕಡೆ ನೋಡದೆ ಮಾಡುತ್ತಾರೆ. ನೀವು ದಯವಿಟ್ಟು ನೋಡಿಕೊಂಡೇ ಮಾಡಿ. ಲಾವೋಸಿನ ಲುವಾಂಗ್ ಪ್ರಬಾಂಗಿನಲ್ಲಿ ಎಳೆಯ ಬದಲು ಅಗಲವಾದ ತೆಳು ಪಟ್ಟಿಗಳನ್ನು ಹೆರೆಯುತ್ತಾರೆ. ಕತ್ತಿಗೆ ಹೆದರುವವರು ಆ ಊರಿನ ಪಕ್ಷ ಸೇರಬಹುದು.

3. ಥಾಯ್ ಮಾದರಿ

ಮೊದಲು ಎರಡು ಮೂರು ಎಸಳು ಬೆಳ್ಳುಳ್ಳಿ, ಮೆಣಸಿನಕಾಯಿ ಜಜ್ಜಿ. ಬೆರಳುದ್ದ ತುಂಡರಿಸಿದ ಹಸಿ ಅಲಸಂದೆ ಹಾಕಿ ಎರಡೇಟು ಕೊಡಿ. ತಾಳೆ ಬೆಲ್ಲ, ಹುರಿದ ಕಡಲೆಕಾಯಿ ಬೀಜ, ಒಣ ಸಿಗಡಿ ಸೇರಿಸಿ. ಹೋಳು ಮಾಡಿದ ಟೊಮೆಟೊ, ನಿಂಬೆರಸ, ‘ನಾಮ್ ಪ್ಲಾ’ ಎಂಬ ಮೀನಿನ ತಿಳಿಸಾರ ಹಾಕಿ, ಕೊನೆಗೆ ಎರಡು ಹಿಡಿ ಪರಂಗಿ. ಬಲಗೈಯ ಒನಕೆ ಕುಟ್ಟುತ್ತಿರುವಾಗ ಎಡಗೈಯ ಚಮಚ ತಳದಿಂದ ಮೇಲಕ್ಕೆ ಮಗುಚುತ್ತಿರಬೇಕು. ‘ಪೊಕ್ ಪೊಕ್’ ಎಂಬ ಸದ್ದು ಬರುತ್ತಿದ್ದರೆ ಯಂತ್ರ ಸರಿಯಾಗಿ ನಡೆಯುತ್ತಿದೆ. ‘ಪಚಕ್’ ಎಂದರೆ ಕೂಡಲೇ ನಿಲ್ಲಿಸಿ. ಪರಂಗಿ ಜಜ್ಜಿಸಿಕೊಂಡು ರಸ ಹೀರಬೇಕೇ ಹೊರತು ಜೀವ ಬಿಡಬಾರದು.

ಈ ಕೈಪಿಡಿ ಕಳೆದುಹೋದರೂ ಚಿಂತೆಯಿಲ್ಲ. ಥಾಯ್ ರಾಜಕುಮಾರಿ ಸಿರಿಂಧೋರ್ನ್ ‘ಸೋಮ್ ತಮ್’ ಎಂಬ ಹಾಡನ್ನೇ ಬರೆದಿದ್ದಾರೆ. ಹಳ್ಳಿಗಾಡಿನ ಹಾಡುಗಳಿಗೆ ಹೆಸರಾದ ಪುಂಪುವಾಂಗ್ ದುವಾಂಗ್‌ಚಾನ್ ಅದನ್ನು ಹಾಡಿದ್ದಾರೆ. ಹಾಡಿನ ತುಂಬ ಇರುವುದು ಇದನ್ನು ಮಾಡುವ ವಿಧಾನವೇ.

4. ಲಾವೋ ಮಾದರಿ

ಮೇಲಿನ ಪಟ್ಟಿಯಿಂದ ಕಡಲೆಕಾಯಿ, ಒಣ ಸಿಗಡಿ ತೆಗೆದುಬಿಡಿ. ಬೆಲ್ಲದ ಕೈ ಬಿಗಿಹಿಡಿಯಿರಿ. ಉಪ್ಪಿನಲ್ಲಿ ಹಾಕಿಟ್ಟ ಗದ್ದೆಯ ಏಡಿಯನ್ನು ಚಿಪ್ಪಿನ ಸಮೇತ ಮುರಿದು ಹಾಕಬಹುದು. ಹುಳಿಗೆ ಅಮಟೆಕಾಯಿಯ ಹೋಳು ಸಿಕ್ಕರೆ ನಿಮ್ಮ ಪುಣ್ಯ. ಹೌದು, ನಮ್ಮ ಉಪ್ಪಿನಕಾಯಿಯ ಅಮಟೆಯೇ.

ಈಗ ಮುಖ್ಯ ಭಾಗ: ‘ಪಾ ಡೇಕ್’. ಸಿಹಿನೀರಿನ ಮೀನು, ಉಪ್ಪು, ಅಕ್ಕಿ ತವುಡು ಬೆರೆಸಿ ಜಾಡಿಯಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿದ ಕಂದು ಮಡ್ಡಿ. ಥಾಯ್ ಕಡೆ ಇದರ ಒಡಹುಟ್ಟಿನ ಹೆಸರು ‘ಪ್ಲಾ ರಾ’. ಜಾಡಿಯ ಮುಚ್ಚಳ ತೆಗೆಯುವ ಮುನ್ನ ನೆರೆಮನೆಯವರ ಜೊತೆ ಸಂಬಂಧ ಹೇಗಿದೆ ಎಂದು ಯೋಚಿಸಿ.

ಎಚ್ಚರಿಕೆ (ಇಲ್ಲಿ ತಮಾಷೆ ಇಲ್ಲ): ಆ ಸೀಮೆಯ ಹಸಿ ಹೊಳೆಮೀನಿನಲ್ಲಿ ಪಿತ್ತನಾಳ ಸೇರುವ ಹುಳು ಇರಬಹುದು. ಈಶಾನ್ಯ ಥಾಯ್ಲೆಂಡಿನಲ್ಲಿ ಪಿತ್ತನಾಳದ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚಾಗಿರುವುದಕ್ಕೆ ಅದೇ ದೊಡ್ಡ ಕಾರಣ. ಕುದಿಸಿದರೆ ಹುಳು ಸಾಯುತ್ತದೆ. ಪಾ ಡೇಕನ್ನು ಕುದಿಸಿಯೇ ಬಳಸಿ.

5. ದೋಷ ಮತ್ತು ಪರಿಹಾರ (ಅಲ್ಲಿಗೇ ಹೋಗಿ ಅಂಗಡಿಯಲ್ಲಿ ತಿನ್ನುವವರಿಗೂ)

ಬಾಯಿ ಉರಿಯುತ್ತಿದೆ: ನೀರು ಕುಡಿಯಬೇಡಿ. ಖಾರದ ಕ್ಯಾಪ್ಸೈಸಿನ್ ನೀರಿಗೆ ಕರಗುವುದಿಲ್ಲ, ಬಾಯಿತುಂಬ ಹರಡುತ್ತದೆ ಅಷ್ಟೆ. ಬಿದಿರಿನ ಬುಟ್ಟಿಯಲ್ಲಿ ಕೊಟ್ಟಿರುವ ಅಂಟು ಅಕ್ಕಿಯ ಅನ್ನವನ್ನು ಬೆರಳಲ್ಲಿ ಉಂಡೆ ಕಟ್ಟಿ ತಿನ್ನಿ. ಪಕ್ಕದಲ್ಲಿರುವ ಹಸಿ ಕೋಸಿನ ಎಲೆ ಅಲಂಕಾರಕ್ಕಲ್ಲ, ಅಗಿಯಿರಿ. ಮೊಸರನ್ನ ಅಲ್ಲಿ ಸಿಗುವುದಿಲ್ಲ, ನೆನೆಸಿಕೊಂಡು ಸಂಕಟಪಡಬೇಡಿ.

ಹುಳಿ ಹೆಚ್ಚಾಯಿತು: ಬೆಲ್ಲ ಹಾಕಿ. ಸಿಹಿ ಹೆಚ್ಚಾಯಿತು: ನಿಂಬೆ ಹಿಂಡಿ. ಉಪ್ಪು ಹೆಚ್ಚಾಯಿತು: ಪರಂಗಿ ಸೇರಿಸಿ. ಎಲ್ಲವೂ ಹೆಚ್ಚಾಯಿತು: ನೆಂಟರನ್ನು ಕರೆಯಿರಿ.

ಮೀನು ಮುಟ್ಟುವುದಿಲ್ಲ: ‘ಜೇ’ ಎನ್ನಿ. ಥಾಯ್ಲೆಂಡಿನಲ್ಲಿ ಅದು ಮಾಂಸ, ಮೀನು ಇಲ್ಲದ ಊಟದ ಹೆಸರು. ಸೋಯಾ ಸಾಸಿನಲ್ಲಿ ಕುಟ್ಟಿಕೊಡುತ್ತಾರೆ.

ಮಾರುವಾಕೆ ‘ಪ್ರಿಕ್ ಕೀ ಮೆಟ್?’ ಎನ್ನುತ್ತಿದ್ದಾಳೆ: ಮೆಣಸು ಎಷ್ಟು ಎಂದು ಅರ್ಥ. ಬ್ಯಾಡಗಿಯ ನಾಡಿನವರೆಂಬ ಜಂಬದಲ್ಲಿ ಹತ್ತು ಎನ್ನಬೇಡಿ. ಬ್ಯಾಡಗಿ ಹೆಸರಾಗಿರುವುದು ಬಣ್ಣಕ್ಕೆ. ಎರಡು ಎನ್ನಿ.

6. ಅಸಲಿ ಮಾಲಿನ ವಿಚಾರ

ಇದು ಮೂಲತಃ ಯಾರದು ಎಂದು ಗ್ರಾಹಕರು ಕೇಳುವುದುಂಟು. ಬ್ಯಾಂಕಾಕಿನ ಬೀದಿಗೆ ಇದನ್ನು ತಂದವರು ಕೂಲಿ ಅರಸಿ ಬಂದ ಈಶಾನ್ಯದ ಇಸಾನ್ ಸೀಮೆಯವರು. ಇಸಾನಿನ ಮಾತು ಲಾವೋ ಮಾತೇ. 1893ರಲ್ಲಿ ಸಯಾಮ್, ಅಂದರೆ ಅಂದಿನ ಥಾಯ್ಲೆಂಡ್, ಮೆಕಾಂಗ್ ನದಿಯ ಎಡದಂಡೆಯನ್ನು ಫ್ರೆಂಚರಿಗೆ ಬಿಟ್ಟುಕೊಟ್ಟಾಗ ಒಂದೇ ನುಡಿಯ ಜನ ಎರಡು ದಂಡೆಗೆ ಹಂಚಿಹೋದರು. ಇಂದು ಲಾವೋ ಆಡುವವರು ಲಾವೋಸಿಗಿಂತ ಥಾಯ್ಲೆಂಡಿನಲ್ಲೇ ಹೆಚ್ಚು. ಒರಳು ಯಾರ ಮನೆಯದು ಎಂದು ಅಣ್ಣತಮ್ಮಂದಿರು ಜಗಳಾಡಿದ ಹಾಗೆ ಈ ಚರ್ಚೆ.

ಒರಳೊಳಗೆ ಇಣುಕಿದರೆ ಇನ್ನೊಂದು ತಮಾಷೆ. ಪರಂಗಿ, ಮೆಣಸಿನಕಾಯಿ, ಟೊಮೆಟೊ, ಕಡಲೆಕಾಯಿ, ನಾಲ್ಕೂ ಅಮೆರಿಕ ಖಂಡದವು. ಕೊಲಂಬಸನ ತರುವಾಯ ಸ್ಪೇನ್, ಪೋರ್ಚುಗಲ್ಲಿನ ಹಡಗುಗಳು ತೆರೆದ ದಾರಿಯಲ್ಲಿ ಏಷ್ಯಾಕ್ಕೆ ಬಂದವು. ನಮ್ಮವರು ಅದನ್ನು ಮರೆಯದೆ ಕಾಯಿಗೆ ಫಿರಂಗಿಯವರ ಹೆಸರನ್ನೇ ಇಟ್ಟು ‘ಪರಂಗಿ’ ಎಂದರು. ಇಷ್ಟೆಲ್ಲ ವಲಸೆಗಾರರ ನಡುವೆ ಮೆಕಾಂಗ್ ದಂಡೆಯಲ್ಲೇ ಹುಟ್ಟಿ ಬೆಳೆದದ್ದು ಆ ನಾರುವ ಮೀನಿನ ಜಾಡಿ. ಪ್ರವಾಸಿಗಳು ಮೂಗು ಹಿಡಿದು ‘ಇದೊಂದು ಬೇಡ’ ಎನ್ನುವುದೂ ಅದನ್ನೇ.

7. ವಾರಂಟಿ

ಇಲ್ಲಿ ಹೇಳಿದ ಅಳತೆಗೆ ಯಾವ ಭರವಸೆಯೂ ಇಲ್ಲ. ಪ್ರತಿ ನಿಂಬೆಯ ಹುಳಿ ಬೇರೆ, ಪ್ರತಿ ಮೆಣಸಿನ ಕೋಪ ಬೇರೆ. ಒರಳಿನಿಂದ ಚಮಚ ಎತ್ತಿ ರುಚಿ ನೋಡುವುದೊಂದೇ ಅಧಿಕೃತ ವಿಧಾನ. ಇದನ್ನು ಅಸಲಿಯಾಗಿ ತಿನ್ನಬೇಕೆಂಬ ಹಟವಿದ್ದು, ಮೀನು ನಿಮಗೆ ವರ್ಜ್ಯವಲ್ಲದಿದ್ದರೆ, ಮೆಣಸು ಬೇಕಾದರೆ ಕಡಿಮೆ ಮಾಡಿಸಿಕೊಳ್ಳಿ. ಕುದಿಸಿದ ಪಾ ಡೇಕ್ ಮಾತ್ರ ಬೇಡವೆನ್ನಬೇಡಿ.