ಪದ್ಮಿನಿ ಏಳದ ಬೆಳಿಗ್ಗೆ: ಮಾಲೀಕರಿಗೊಂದು ಕೈಪಿಡಿ

ಈ ಕೈಪಿಡಿ ಯಾರಿಗೆ

ಪ್ರೀಮಿಯರ್ ಪದ್ಮಿನಿಯನ್ನು ಇನ್ನೂ ಮಾರದೆ ಇಟ್ಟುಕೊಂಡವರಿಗೆ, ಮತ್ತು ಅವರನ್ನು ಸಹಿಸಿಕೊಂಡಿರುವ ಮನೆಯವರಿಗೆ. ಕಂಪನಿ ಕೊಟ್ಟ ಮೂಲ ಪುಸ್ತಕ 1089 ಸಿಸಿ ಎಂಜಿನ್ನಿನ ಬಗ್ಗೆ ಬರೆದಿರಬಹುದು. ಸ್ಟಾರ್ಟ್ ಆಗದ ಗಾಡಿಯ ಸುತ್ತ ಸೇರುವ ಜನರ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಕಣ್ಣು ಮುಚ್ಚಿ ಇದನ್ನು ಬಿಚ್ಚಿ ಜೋಡಿಸುತ್ತಿದ್ದ ಮೇಸ್ತ್ರಿಗಳು ಕೂಡ ಒಬ್ಬೊಬ್ಬರಾಗಿ ಗ್ಯಾರೇಜಿನ ಶಟರ್ ಎಳೆಯುತ್ತಿದ್ದಾರೆ. ಹಾಗಾಗಿ ಬಾನೆಟ್ ಎತ್ತುವ ಹೊಣೆ ಇನ್ನು ನಿಮ್ಮದೇ.

ಬೇಕಾಗುವ ಸಾಮಾನು: ಪ್ಲಗ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಬನಿಯನ್ ವೇಸ್ಟ್, ಗಾಜಿನ ಬಾಟಲಿ, ಒದ್ದೆ ಮಾಡಲು ಬಟ್ಟೆ. ಬೇಡದ ಸಾಮಾನು: ಬೀಡಿ, ಸಿಗರೇಟು, ಊದುಬತ್ತಿ. ಆಯುಧಪೂಜೆಯ ದಿನವಾದರೂ ಪೂಜೆ ರಿಪೇರಿಯ ಆಮೇಲೆ.

ಮೊದಲ ಮತ್ತು ಮುಖ್ಯ ಎಚ್ಚರಿಕೆ

ಕಾರ್ಬುರೇಟರ್ ಬಿಚ್ಚಬೇಡಿ. ಎಲ್ಲರ ಕೈಯೂ ಮೊದಲು ಹೋಗುವುದು ಅಲ್ಲಿಗೇ, ಯಾಕೆಂದರೆ ಅದು ಮೇಲೆಯೇ ಇದೆ, ಹಿತ್ತಾಳೆಯ ಪುಟ್ಟ ಜೆಟ್ಟುಗಳಿಂದ ತುಂಬಿದೆ, ಬಿಚ್ಚಿದರೆ ಕೆಲಸ ಮಾಡಿದ ಹಾಗೆ ಕಾಣುತ್ತದೆ. ಪೆಟ್ರೋಲ್ ಟ್ಯಾಂಕಿನಿಂದ ಹೊರಟು ಪೈಪು, ಪಂಪು ದಾಟಿ, ಕೊನೆಯಲ್ಲಷ್ಟೇ ಅಲ್ಲಿಗೆ ಬರುತ್ತದೆ. ಪತ್ತೆ ಹಚ್ಚುವವರೂ ಅದೇ ದಾರಿಯಲ್ಲಿ ಬರಬೇಕು. ಅದಕ್ಕೂ ಮುಂಚೆ ಒಂದು ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲ್ ಅಲ್ಲಿಯವರೆಗೆ ಬಂದಿಲ್ಲ, ಮುಂದೆ ಓದಿ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ: ಒಂದೋ ಅತಿಯಾಗಿ ಬಂದಿದೆ, ಇಲ್ಲವೇ ಕಿಡಿ ಬರುತ್ತಿಲ್ಲ. ಕಿಡಿ ಬರದಿದ್ದರೆ ನಿಮ್ಮ ತೊಂದರೆ ಪಾಯಿಂಟ್, ಕಂಡೆನ್ಸರ್, ಕಾಯಿಲ್ ಕಡೆಯದು, ಈ ಕೈಪಿಡಿ ನಿಮಗಲ್ಲ. ಪೆಟ್ರೋಲಿನ ಮೇಲೆ ಹೊರಿಸುವ ಅಪವಾದಗಳಲ್ಲಿ ಬಹಳಷ್ಟು ಕರೆಂಟಿನವೇ.

ಯಾವಾಗ ಏಳಲಿಲ್ಲ ಎಂಬ ಪ್ರಶ್ನೆ

ಹೇಗೆ ಎನ್ನುವುದಕ್ಕಿಂತ ಯಾವಾಗ ಎನ್ನುವುದು ದೊಡ್ಡದು. ವೈದ್ಯರು ಜ್ವರ ಬೆಳಿಗ್ಗೆಯೋ ಸಂಜೆಯೋ ಎಂದು ಕೇಳುವುದು ಇದಕ್ಕೇ.

ನಾಲ್ಕು ದಿನ ನಿಲ್ಲಿಸಿದ್ದ ಗಾಡಿ ತಣ್ಣಗಿರುವಾಗ ಏಳದಿದ್ದರೆ, ಕಾರ್ಬುರೇಟರಿನ ಫ್ಲೋಟ್ ಚೇಂಬರು ಬತ್ತಿದೆಯೋ ಏನೋ ಎಂದು ಶಂಕಿಸಿ. ಪೆಟ್ರೋಲ್ ಆವಿಯಾಗಿ ಹೋಗುತ್ತದೆ, ಪಂಪಿನ ವಾಲ್ವು ಸವೆದಿದ್ದರೆ ಪೈಪಿನಲ್ಲಿದ್ದದ್ದೂ ಟ್ಯಾಂಕಿಗೆ ವಾಪಸ್ ಜಾರುತ್ತದೆ. ಏರ್ ಕ್ಲೀನರ್ ತೆಗೆದು ಕಾರ್ಬುರೇಟರಿನ ಗಂಟಲೊಳಗೆ ಇಣುಕಿ, ಎಂಜಿನ್ ಬಂದಾಗಿರುವಾಗಲೇ ಥ್ರಾಟಲನ್ನು ಕೈಯಿಂದ ಒಮ್ಮೆ ಎಳೆಯಿರಿ. ಸಣ್ಣ ಪಿಚಕಾರಿ ಚಿಮ್ಮಿದರೆ ಚೇಂಬರಿನಲ್ಲಿ ಪೆಟ್ರೋಲ್ ಇದೆ. ಚಿಮ್ಮದಿದ್ದರೆ ಸುಮ್ಮನೆ ಸೆಲ್ಫ್ ಹೊಡೆದು ಬ್ಯಾಟರಿ ಇಳಿಸಬೇಡಿ. ಪಂಪಿನಡಿ ಕೈಯಿಂದ ಅದುಮುವ ಲಿವರ್ ಇದ್ದರೆ ಅದುಮಿ. ಲಿವರ್ ಸಡಿಲವಾಗಿ ಆಡಿದರೆ ಪಂಪು ಕೆಟ್ಟಿದೆ ಎಂದುಕೊಳ್ಳಬೇಡಿ. ಅದನ್ನು ತಳ್ಳುವ ಕ್ಯಾಮ್ ಎತ್ತರದಲ್ಲಿ ನಿಂತಿರುತ್ತದೆ. ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ಅದುಮಿ.

ಚೋಕ್ ಎಳೆದು ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರ್ ಒತ್ತಬೇಕೇ ಎಂಬುದರ ಮೇಲೆ ಮನೆಮನೆಗಳಲ್ಲಿ ಜಗಳವಾಗಿದೆ. ಸ್ಟಾರ್ಟರ್ ಡಿಸ್ಕ್ ಇರುವ ಸೊಲೆಕ್ಸ್ ಕಾರ್ಬುರೇಟರಿನಲ್ಲಿ ಒತ್ತಬಾರದು. ಥ್ರಾಟಲ್ ತೆರೆದರೆ ಆ ಡಿಸ್ಕಿಗೆ ಬೇಕಾದ ಎಳೆತವೇ ಸತ್ತುಹೋಗುತ್ತದೆ. ಪಕ್ಕದ ಸೀಟಿನಿಂದ "ಒತ್ತಿ, ಒತ್ತಿ" ಎನ್ನುವ ಭಾವನವರನ್ನು ನಯವಾಗಿ ಹಿಂದಿನ ಸೀಟಿಗೆ ಕಳಿಸಿ.

ಇನ್ನು ಬಿಸಿ ಗಾಡಿ. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದಿರಿ, ತಿಂದು ಬಂದು ಕೀ ತಿರುಗಿಸಿದರೆ ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಓಡುವಾಗ ಫ್ಯಾನಿನ ಗಾಳಿ, ಹೊಸ ಪೆಟ್ರೋಲು ಎರಡೂ ಪಂಪನ್ನು ತಂಪಾಗಿಡುತ್ತವೆ. ನಿಂತ ಕೂಡಲೇ ಎರಡೂ ನಿಲ್ಲುತ್ತವೆ, ಎಂಜಿನ್ನಿನ ಕಾವು ಮಾತ್ರ ಏರುತ್ತದೆ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ, ಬೆಟ್ಟದ ಮೇಲೆ ಇನ್ನೂ ಬೇಗ. ಪಂಪು ದ್ರವ ಎಳೆಯಬಲ್ಲದು, ಆವಿ ಎಳೆಯಲಾರದು. ಇದಕ್ಕೆ ಪದ್ಮಿನಿ ಓಡಿಸಿದವರೆಲ್ಲರಿಗೂ ಗೊತ್ತಿರುವ ಮದ್ದು ಪಂಪಿನ ಮೇಲೆ, ಪೈಪಿನ ಮೇಲೆ ಒದ್ದೆ ಬಟ್ಟೆ. ಬಟ್ಟೆ ಹಾಕಿ, ಒಳಗೆ ಹೋಗಿ ಇನ್ನೊಂದು ಪ್ಲೇಟು ದೋಸೆ ಹೇಳಿ. ಈ ಎರಡನೆಯ ಪ್ಲೇಟು ಚಿಕಿತ್ಸೆಯ ಭಾಗವೆಂದೇ ಕೈಪಿಡಿ ಪರಿಗಣಿಸುತ್ತದೆ.

ಆದರೆ ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆದರೆ ಒದ್ದೆ ಬಟ್ಟೆ ಕೆಲಸಕ್ಕೆ ಬಾರದು. ಅದು ಓವರ್‌ಫ್ಲೋ. ಚೋಕ್ ಪೂರ್ತಿ ಒಳಗೆ ತಳ್ಳಿ, ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಒತ್ತಿ ಹಿಡಿಯಿರಿ ಎಂದದ್ದು; ಒತ್ತಿ ಒತ್ತಿ ಬಿಟ್ಟರೆ ಪಿಚಕಾರಿ ಇನ್ನಷ್ಟು ಸುರಿಯುತ್ತದೆ. ಮತ್ತೆ ಮತ್ತೆ ಹೀಗಾದರೆ ನೀಡಲ್ ವಾಲ್ವಿನಲ್ಲಿ ಕಸ ಸಿಕ್ಕಿರುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಚೇಂಬರನ್ನು ಮೆಲ್ಲಗೆ ತಟ್ಟಿ. ಅದಕ್ಕೂ ಬಗ್ಗದಿದ್ದರೆ ಫ್ಲೋಟ್ ತೂತಾಗಿರಬೇಕು. ತೆಗೆದು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಕುಲುಕಿದರೆ ಅನುಮಾನವೇ ಬೇಡ.

ಹೊರಟು ಸ್ವಲ್ಪ ದೂರ ಓಡಿ ನಿಲ್ಲುವ, ಕಾದರೆ ತಾನಾಗಿ ಏಳುವ ಗಾಡಿಯ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಸ್ಸೆಂದು ಗಾಳಿ ಒಳಗೆ ನುಗ್ಗಿದರೆ ಟ್ಯಾಂಕಿಗೆ ಗಾಳಿ ಬಿಡುವ ರಂಧ್ರ ಕಟ್ಟಿದೆ. ಖರ್ಚಿಲ್ಲದ ರಿಪೇರಿ, ಮೆಕ್ಯಾನಿಕ್ಕರಿಗೆ ಅಷ್ಟಾಗಿ ಇಷ್ಟವಾಗದ್ದು.

ಬಾಟಲಿ ಪರೀಕ್ಷೆ

ಕಾಯಿಲ್ ತಂತಿ ಕಿತ್ತು ದೂರ ಇಡಿ. ಕಾರ್ಬುರೇಟರಿಗೆ ಬರುವ ಪೈಪು ಬಿಚ್ಚಿ ಬಾಟಲಿಯೊಳಗೆ ಇಳಿಸಿ, ಒಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಪೆಟ್ರೋಲ್ ಚಿಕ್ ಚಿಕ್ ಎಂದು ಬಿಟ್ಟುಬಿಟ್ಟು ಚಿಮ್ಮಬೇಕು. ಗುಳ್ಳೆ ಗುಳ್ಳೆಯಾಗಿ ಬಂದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಇಲ್ಲೇ ಹಲವರು ಮೋಸ ಹೋಗುವುದು: ಪಂಪಿನ ಈಚೆಗಿನ ಪೈಪು ಸೀಳಿದರೆ ಪೆಟ್ರೋಲ್ ತೊಟ್ಟಿಕ್ಕುತ್ತದೆ, ಎಲ್ಲರಿಗೂ ಕಾಣುತ್ತದೆ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪು ಸೀಳಿದರೆ ಏನೂ ಸೋರದಿರಬಹುದು, ಗಾಳಿ ಮಾತ್ರ ಒಳಗೆ ಹೋಗುತ್ತದೆ. ನೆಲ ಒಣಗಿದೆ ಎಂದು ಪೈಪಿಗೆ ಸರ್ಟಿಫಿಕೇಟ್ ಕೊಡಬೇಡಿ.

ಏನೂ ಬರದಿದ್ದರೆ ಡಿಪ್‌ಸ್ಟಿಕ್ ಎಳೆದು ಮೂಸಿ. ಪಂಪಿನ ಡಯಾಫ್ರಮ್ ಹರಿದಿದ್ದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಆಯಿಲ್ ಬದಲಿಸಿ. ಬೆಂಗಳೂರಿನವರು ಡಯಾಫ್ರಮ್ಮಿಗೆ ಜೆ.ಸಿ. ರಸ್ತೆಗೆ ಹೋಗಬಹುದು. ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಬಾಯಿಮಾತಿನ ವರ್ಣನೆ ನಂಬಿ ಕೊಟ್ಟ ಡಯಾಫ್ರಮ್ ಕೂರುವುದಿಲ್ಲ.

ಹೊಸ ಪೆಟ್ರೋಲಿನ ಬಗ್ಗೆ

ಎಥನಾಲ್ ಶೇ 20ರಷ್ಟು ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಪದ್ಮಿನಿಗೆ ಸಿಗಲಿಲ್ಲ. ಅದರ ಹಳೆಯ ರಬ್ಬರು ಇದಕ್ಕೆಂದು ಮಾಡಿದ್ದಲ್ಲ: ಪೈಪು ಹೊರಗೆ ಚೆನ್ನಾಗಿದ್ದು ಒಳಗೆ ಊದಿಕೊಳ್ಳುತ್ತದೆ, ಡಯಾಫ್ರಮ್ ಬಿರುಸಾಗುತ್ತದೆ. ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಸುಮ್ಮನೆ ಮಲಗಿದ್ದ ಗಸಿಯನ್ನು ಎಥನಾಲ್ ಎಬ್ಬಿಸಿ ಜೆಟ್ಟಿಗೆ ಸಾಗಿಸುತ್ತದೆ. ಮಳೆಗಾಲದ ತೇವವನ್ನೂ ಹೀರುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸುವವರು ಟ್ಯಾಂಕ್ ಅರೆಬರೆ ಬಿಡಬಾರದು. ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ರಬ್ಬರಿಗೆ ಒಮ್ಮೆಗೇ ಬದಲಿಸಿ. ಇದೊಂದು ಖರ್ಚಿನಲ್ಲಿ ಜಿಪುಣತನ ಬೇಡ, ಸೋರಿದರೆ ಬಿಸಿ ಎಂಜಿನ್ ಪಕ್ಕದಲ್ಲೇ ಇದೆ.

ಈಗ ಕಾರ್ಬುರೇಟರ್

ಇಷ್ಟು ದೂರ ಬಂದವರಿಗೆ ಅನುಮತಿ ಇದೆ. ಜೆಟ್ಟಿಗೆ ತಂತಿ ತೂರಿಸಬೇಡಿ. ಅದರ ಮೇಲೆ 120 ಎಂದು ಕೊರೆದಿದ್ದರೆ ರಂಧ್ರ 1.20 ಮಿಲಿಮೀಟರ್ ಎಂದರ್ಥ. ಆ ಲೆಕ್ಕವನ್ನು ಸೈಕಲ್ ಕಡ್ಡಿಯಿಂದ ತಿದ್ದಿದವರ ಗಾಡಿಗಳು ಆಮೇಲೆ ಮೈಲೇಜ್ ಕೊಟ್ಟಿಲ್ಲ. ಗಾಳಿ ಊದಿ, ಸಾಕು.

ಗಾಡಿ ತಳ್ಳಲು ಮುಂದೆ ಬಂದವರನ್ನು ನಿರಾಸೆಗೊಳಿಸಬೇಡಿ, ಆದರೆ ತಳ್ಳುವುದು ಬ್ಯಾಟರಿಯ ಕಾಯಿಲೆಗೆ ಮದ್ದು, ಪೆಟ್ರೋಲಿನದಕ್ಕಲ್ಲ. ಎಲ್ಲ ಸರಿಮಾಡಿ, ಎಲ್ಲ ಜೋಡಿಸಿ, ಪೂರ್ವಕ್ಕೆ ಮುಖ ಮಾಡಿ ಸೆಲ್ಫ್ ಹೊಡೆದರೂ ಏಳದಿದ್ದರೆ, ಕಾರ್ಬುರೇಟರನ್ನು ಎರಡನೇ ಸಲ ಬಿಚ್ಚುವ ಮೊದಲು, ಬಾಟಲಿ ಪರೀಕ್ಷೆಗೆಂದು ಕಿತ್ತಿಟ್ಟ ಕಾಯಿಲ್ ತಂತಿಯನ್ನು ವಾಪಸ್ ಸಿಕ್ಕಿಸಿದ್ದೀರಾ ನೋಡಿ.